ಭೀಮೆಯ ನೀರು ಮೊದಲು ಬಂತು

2024ರ ಜೂನ್ ತಿಂಗಳ ಮೊದಲ ವಾರ. ಮುಂಬಯಿಗೆ ನೀರು ಕೊಡುವ ಏಳು ಜಲಾಶಯಗಳ ಸಂಗ್ರಹ ಶೇ. 6ರ ಆಸುಪಾಸಿಗೆ ಇಳಿದಿತ್ತು. ಮೇ ಕೊನೆಗೆ ಶೇ. 5ರಷ್ಟಿದ್ದ ನೀರಿನ ಕಡಿತವನ್ನು ಮಹಾನಗರಪಾಲಿಕೆ ಜೂನ್ 5ರಿಂದ ಶೇ. 10ಕ್ಕೆ ಏರಿಸಿತ್ತು. ಆ ದಿನಗಳಲ್ಲಿ ಉಪನಗರದ ಗೆಳೆಯರೊಬ್ಬರ ಮನೆಯಲ್ಲಿ ನಾವು ಏಳೆಂಟು ಮಂದಿ ಸಾಹಿತ್ಯಾಸಕ್ತರು ಕೂಡಿದ್ದೆವು. ಚಹಾದ ಲೋಟಗಳನ್ನು ಒಳಗೆ ಒಯ್ಯುತ್ತ ಮನೆಯೊಡತಿ, ಸಂಜೆಯ ನೀರು ಅರ್ಧ ಗಂಟೆಗೇ ನಿಂತುಹೋಗುತ್ತಿದೆ ಎಂದು ಹೇಳಿಕೊಂಡರು. ಗೆಳೆಯರೊಬ್ಬರು, "ಅಂತೂ ಮುಂಬಯಿಗೂ ಬರ ಬಂತು" ಎಂದರು. ನಾವೆಲ್ಲ ನಕ್ಕೆವು. ಅಂದು ಓದಿದ ಎರಡು ಪ್ರಬಂಧಗಳೂ ಮಳೆಯನ್ನು ಕುರಿತವೇ ಆಗಿದ್ದವು, ಅವುಗಳಲ್ಲೊಂದು ನನ್ನದು. ಕರಾವಳಿಯಲ್ಲಿ ಕಳೆದ ಬಾಲ್ಯ, ಸೋರುವ ಮಾಡು, ಗೊರಬೆ, ತುಂಬಿದ ತೋಡು, ಹೀಗೆ ಮುಂಬಯಿಯ ಕನ್ನಡ ಬರಹದಲ್ಲಿ ಓದುಗರು ನೂರಾರು ಬಾರಿ ಕಂಡ ಸಂಗತಿಗಳೇ ಅದರಲ್ಲಿದ್ದವು.

ಮರುದಿನ ಬೆಳಿಗ್ಗೆ ಮನೆಯ ಬಚ್ಚಲಿನ ಗೋಡೆ ದುರಸ್ತಿಗೆ ಆಳು ಹುಡುಕುತ್ತ ಸ್ಟೇಷನ್ನಿನ ಹತ್ತಿರದ ನಾಕಾಕ್ಕೆ ಹೋದೆ. ಮುಂಬಯಿ ಮತ್ತು ಉಪನಗರಗಳ ಇಂಥ ನಾಕಾಗಳು ನಮಗೆಲ್ಲ ಗೊತ್ತು. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಗಾರೆ, ಬಣ್ಣ, ಮಣ್ಣು ಕೆಲಸದವರು ಅಲ್ಲಿ ಗುಂಪಾಗಿ ನಿಂತಿರುತ್ತಾರೆ. ಕನ್ನಡದ ಮಾತು ಕೇಳಿ ಒಬ್ಬನನ್ನು ಕರೆದು, "ಯಾವ ಊರಪ್ಪ?" ಎಂದೆ. "ಇಂಡಿ ತಾಲೂಕರಿ. ಭೀಮಾ ಹೊಳಿ ದಂಡಿ" ಎಂದ. ಹೊಳೆಯ ದಂಡೆಯವನು ಇಲ್ಲೇಕೆ ಬಂದೆ ಎಂದು ಕೇಳಿದ್ದಕ್ಕೆ, "ಹೊಳ್ಯಾಗ ನೀರಿದ್ರ ನಾ ಯಾಕ ಇಲ್ಲಿ ನಿಂದರ್ತಿದ್ದೆ ರೀ ಸಾಹೇಬ್ರ?" ಎಂದು ನನ್ನನ್ನೇ ಪ್ರಶ್ನಿಸಿದ. ಹಿಂದಿನ ಸಂಜೆಯ ನಗು ನೆನಪಾಗಿ ನಾಚಿಕೆಯಾಯಿತು. ಬರ ಎಂಬ ಶಬ್ದವನ್ನು ಅವನೂ ನಾವೂ ಒಂದೇ ಅರ್ಥದಲ್ಲಿ ಬಳಸುತ್ತಿಲ್ಲ ಎಂಬುದು ಆಗ ಹೊಳೆಯಿತು. ಅವನ ಬರಕ್ಕೂ ನಮ್ಮ ನಗರಕ್ಕೂ ಇರುವ ಸಂಬಂಧವನ್ನು ನಾನು ಎಂದೂ ವಿಚಾರಿಸಿ ನೋಡಿರಲಿಲ್ಲವೆಂಬುದು ಅದಕ್ಕಿಂತ ಮುಖ್ಯವಾಗಿ ಕಂಡಿತು. ಈ ಬರಹ ಆ ವಿಚಾರಣೆಯ ಫಲ.

ಮೊದಲು ನಮ್ಮ ಕಡಿತವನ್ನೇ ನೋಡೋಣ. ವಿಹಾರ (1860), ತುಳಸಿ (1879), ತಾನಸಾ (1892), ಮೋಡಕ್ ಸಾಗರ (1957), ಮೇಲಿನ ವೈತರಣಾ, ಭಾತ್ಸಾ, 2014ರಲ್ಲಿ ಸೇರಿಕೊಂಡ ಮಧ್ಯ ವೈತರಣಾ, ಇವು ಮುಂಬಯಿಗೆ ನೀರುಣಿಸುವ ಏಳು ಜಲಾಶಯಗಳು. ಎಲ್ಲವೂ ತುಂಬಿದರೆ ಸುಮಾರು 14.47 ಲಕ್ಷ ದಶಲಕ್ಷ ಲೀಟರು. ಅದರಲ್ಲಿ ಅರ್ಧದಷ್ಟು ಭಾತ್ಸಾ ಒಂದರದೇ. ನಗರ ದಿನಕ್ಕೆ ಸುಮಾರು 3,900 ದಶಲಕ್ಷ ಲೀಟರು ಪಡೆಯುತ್ತದೆ. ಇದರಲ್ಲಿ ಕಾಲುಭಾಗದಷ್ಟಾದರೂ ಸೋರಿಕೆ ಮತ್ತು ಕಳವಿನಲ್ಲಿ ಹೋಗುತ್ತದೆಂಬುದು ಪಾಲಿಕೆಯ ಲೆಕ್ಕಗಳಿಂದಲೇ ತಿಳಿಯುವ ಮಾತು. ಶೇ. 10ರ ಕಡಿತದಿಂದ ಉಳಿಯುವುದು ದಿನಕ್ಕೆ 390 ದಶಲಕ್ಷ ಲೀಟರು. ವರ್ಷದ ಎಲ್ಲ ದಿನಗಳಲ್ಲೂ ಸೋರಿಹೋಗುವುದು ಅದರ ಎರಡು ಪಟ್ಟಿಗಿಂತ ಹೆಚ್ಚು. ಆ ವರ್ಷ ಜುಲೈಯಲ್ಲಿ ಮಳೆ ಚೆನ್ನಾಗಿ ಸುರಿದು ತಿಂಗಳ ಕೊನೆಗೆ ಕಡಿತ ರದ್ದಾಯಿತು, ನಾವು ಮರೆತೆವು. 2009ರಲ್ಲಿಯೂ 2015ರಲ್ಲಿಯೂ ಕಡಿತ ಇದಕ್ಕಿಂತ ಬಿಗಿಯಾಗಿತ್ತು, ಅವನ್ನೂ ಮರೆತಿದ್ದೇವೆ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನ ತಾಪತ್ರಯವನ್ನು ಕೊರತೆ ಎನ್ನಬಹುದು, ಅವ್ಯವಸ್ಥೆ ಎನ್ನಬಹುದು. ಬರ ಎನ್ನುವುದು ಮಾತ್ರ ಸರಿಯಲ್ಲ.

ಬರವನ್ನು ಕಾಣಬೇಕಾದರೆ ಆ ಜಲಾಶಯಗಳ ಬುಡಕ್ಕೇ ಹೋಗಬಹುದು. ಏಳರಲ್ಲಿ ಎರಡು ಮಾತ್ರ ನಗರದೊಳಗಿನವು. ಉಳಿದ ಐದು ಠಾಣೆ, ಪಾಲ್ಘರ್, ನಾಸಿಕ್ ಜಿಲ್ಲೆಗಳ ಗುಡ್ಡಗಾಡಿನಲ್ಲಿವೆ. ತಾನಸಾ ಮತ್ತು ಭಾತ್ಸಾ ಇರುವ ಶಹಾಪುರ ತಾಲೂಕಿನ ಹಲವು ಹಳ್ಳಿ, ಪಾಡಾಗಳಿಗೆ ಮಾರ್ಚ್ ಕಳೆಯಿತೆಂದರೆ ಟ್ಯಾಂಕರೇ ಗತಿ. ತಲೆಯ ಮೇಲೆ ಕೊಡ ಹೊತ್ತು ಮೈಲಿ ನಡೆಯುವ ಆದಿವಾಸಿ ಹೆಂಗಸರ ಪಕ್ಕದಲ್ಲೇ ಆಳೆತ್ತರದ ಕೊಳವೆಗಳಲ್ಲಿ ನಮ್ಮ ನೀರು ಹರಿಯುತ್ತಿರುತ್ತದೆ. ಕಸಾರಾ ಲೋಕಲ್ ಹಿಡಿದು ಹೋದವರು ಯಾರೂ ಇದನ್ನು ಕಣ್ಣಾರೆ ನೋಡಬಹುದು. ಅಲ್ಲಿ ಮಳೆಗೆ ಬರವಿಲ್ಲ. ಬೀಳುವ ಮಳೆ ಮುಂಬಯಿಗಿಂತ ಕಡಿಮೆಯೂ ಅಲ್ಲ. ಬಿದ್ದ ನೀರಿನ ಮೇಲೆ ಅವರಿಗೆ ಹಕ್ಕಿಲ್ಲ, ಅಷ್ಟೆ. ಬರವೆಂಬುದು ಆಕಾಶದಿಂದ ಮಾತ್ರ ಇಳಿದು ಬರುವುದಲ್ಲ, ನೆಲದ ಮೇಲೆ ಮಾಡಿದ ಏರ್ಪಾಟಿನಿಂದಲೂ ಹುಟ್ಟುತ್ತದೆ ಎಂಬುದಕ್ಕೆ ನಮ್ಮ ಮನೆಯಿಂದ ಎರಡು ಗಂಟೆಯ ರೈಲು ದಾರಿಯಲ್ಲೇ ಸಾಕ್ಷಿಯಿದೆ.

ಇನ್ನು ಆ ಇಂಡಿಯ ಕೂಲಿಕಾರನ ಹೊಳೆಗೆ ಬರೋಣ. ಭೀಮಾ ನದಿ ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ಸೋಲಾಪುರ ಜಿಲ್ಲೆಯನ್ನು ಹಾದು ಇಂಡಿ, ಅಫಜಲಪುರ, ಜೇವರ್ಗಿಗಳ ಮೂಲಕ ಹರಿದು ಕೃಷ್ಣೆಯನ್ನು ಕೂಡುತ್ತದೆ. ಈ ಹೊಳೆಗೆ ನೀರು ತರುವ ಉಪನದಿಗಳ ತಲೆಗಳು ಲೋಣಾವಳಾ, ಮಾವಳ, ಮುಳಶಿಯ ಮಳೆನಾಡಿನಲ್ಲಿವೆ. ಆ ತಲೆಗಳಲ್ಲೇ ಟಾಟಾ ಸಂಸ್ಥೆ ಒಂದು ಶತಮಾನದ ಹಿಂದೆ ಅಣೆಕಟ್ಟುಗಳನ್ನು ಕಟ್ಟಿತು. ಪೂರ್ವಕ್ಕೆ ಹರಿಯಬೇಕಾದ ನೀರನ್ನು ತಡೆದು, ಘಟ್ಟದಿಂದ ಪಶ್ಚಿಮಕ್ಕೆ ಧುಮುಕಿಸಿ, 1915ರಲ್ಲಿ ಖೋಪೋಲಿಯಲ್ಲಿ, 1922ರಲ್ಲಿ ಭಿವಪುರಿಯಲ್ಲಿ, 1927ರಲ್ಲಿ ಭಿರಾದಲ್ಲಿ ವಿದ್ಯುತ್ತು ತೆಗೆಯಲಾಯಿತು. ಮುಂಬಯಿಯ ಗಿರಣಿಗಳು ತಿರುಗಿದ್ದು, ಟ್ರಾಮು, ಲೋಕಲ್ ಗಾಡಿಗಳು ಓಡಿದ್ದು ಈ ವಿದ್ಯುತ್ತಿನಿಂದ. ಮುಳಶಿಯ ರೈತರು 1921ರಿಂದ 1924ರವರೆಗೆ ಸೇನಾಪತಿ ಬಾಪಟರ ನೇತೃತ್ವದಲ್ಲಿ ಸತ್ಯಾಗ್ರಹ ಹೂಡಿದರು. ಮುಳುಗಲಿದ್ದ ತಮ್ಮ ಹೊಲಮನೆಗಳಿಗಾಗಿ ಅವರು ಹೋರಾಡಿ ಸೋತರು. ಕೆಳಗಿನ ಹರಿವಿನಲ್ಲಿದ್ದ ನಮ್ಮ ಇಂಡಿ, ಅಫಜಲಪುರದವರನ್ನಂತೂ ಆಗ ಯಾರೂ ಕೇಳಲೇ ಇಲ್ಲ.

ಬಚಾವತ್ ನೇತೃತ್ವದ ಕೃಷ್ಣಾ ನ್ಯಾಯಮಂಡಳಿ ಈ ತಿರುವಿಗೆ ಮಿತಿ ಹಾಕಿತು; ಆದರೂ ಟಾಟಾ ಯೋಜನೆಗಳಿಗೆ ವರ್ಷಕ್ಕೆ ಸರಾಸರಿ ಸುಮಾರು 42 ಟಿಎಂಸಿ, ಕೊಯ್ನಾ ವಿದ್ಯುತ್ತಿಗೆ 67.5 ಟಿಎಂಸಿ ನೀರು ಪಶ್ಚಿಮಕ್ಕೆ ಹೋಗಲು ಒಪ್ಪಿಗೆಯಿತ್ತಿತು. ಭಿವಪುರಿಯಿಂದ ಹೊರಬಿದ್ದ ನೀರು ಉಲ್ಹಾಸ ನದಿಯನ್ನು ಸೇರುತ್ತದೆ. ಕಲ್ಯಾಣ ಮತ್ತು ಡೊಂಬಿವಲಿಯ ನಲ್ಲಿಗಳಿಗೆ ಬರುವುದು ಬಹುಮಟ್ಟಿಗೆ ಅದೇ ಉಲ್ಹಾಸದ ನೀರು. ಎಂದರೆ, ಹಲವು ದಶಕಗಳಿಂದ ನಾನು ಡೊಂಬಿವಲಿಯಲ್ಲಿ ಕುಡಿಯುತ್ತಿರುವ ನೀರಿನಲ್ಲಿ ಭೀಮಾ ಕಣಿವೆಯ ಪಾಲಿದೆ. ನಾಕಾದಲ್ಲಿ ನಿಂತ ಆ ಮನುಷ್ಯ ತನ್ನ ಹೊಳೆ ಒಣಗಿತೆಂದು ಊರು ಬಿಟ್ಟು ಬಂದದ್ದು ಅದೇ ಹೊಳೆಯ ನೀರು ಬಂದು ಸೇರಿದ ಊರಿಗೇ. ನೀರು ಮೊದಲು ಬಂತು, ಅವನು ಆಮೇಲೆ ಬಂದ.

ಈ ಮಾತನ್ನು ಎಚ್ಚರದಿಂದ ಹೇಳಬೇಕು. ಮಳೆ ಚೆನ್ನಾದ ವರ್ಷ ಉಜ್ಜನಿ ಜಲಾಶಯವೇ ತುಂಬಿ ಹರಿದು ಭೀಮಾತೀರದಲ್ಲಿ ಪ್ರವಾಹ ಬರುತ್ತದೆ. ಆ ವರ್ಷ ಪಶ್ಚಿಮಕ್ಕೆ ಹೋದ ನೀರಿನಿಂದ ಯಾರಿಗೂ ನಷ್ಟವಿಲ್ಲ. ಬರದ ವರ್ಷದಲ್ಲಿ ನೀರನ್ನು ಪೂರ್ವಕ್ಕೆ ಬಿಟ್ಟರೂ ಅದು ಇಂಡಿಯವರೆಗೆ ತಲುಪೀತೆಂಬ ಭರವಸೆಯಿಲ್ಲ. ನಡುವೆ ಸೋಲಾಪುರ ಜಿಲ್ಲೆಯ ಕಬ್ಬಿದೆ. ಮಹಾರಾಷ್ಟ್ರದ ಸಾಗುವಳಿ ಭೂಮಿಯ ಸಣ್ಣದೊಂದು ಪಾಲಿನಲ್ಲಿ ಬೆಳೆಯುವ ಕಬ್ಬು ನೀರಾವರಿಯ ನೀರಿನ ಬಹುಪಾಲನ್ನು ಕುಡಿಯುತ್ತದೆ. ನಮ್ಮವರೇನೂ ಹಿಂದೆ ಬಿದ್ದಿಲ್ಲ: ಇಂಡಿ, ಅಫಜಲಪುರಗಳಲ್ಲಿಯೂ ಜೋಳದ ಹೊಲಗಳು ಕಬ್ಬಿನ ಗದ್ದೆಗಳಾಗಿವೆ, ಸಕ್ಕರೆ ಕಾರ್ಖಾನೆಗಳು ಎದ್ದಿವೆ. ಹಿಂಗಾರಿನ ಬಿಳಿಜೋಳ ಮಣ್ಣಿನ ತೇವದ ಮೇಲೆಯೇ ಬೆಳೆದು ಮನುಷ್ಯನಿಗೆ ರೊಟ್ಟಿಯನ್ನೂ ದನಕ್ಕೆ ಕಣಿಕೆಯನ್ನೂ ಕೊಡುತ್ತಿತ್ತು. ಅದನ್ನು ಬಿಟ್ಟು, ನೀರೇ ಇಲ್ಲದ ನಾಡಿನಲ್ಲಿ ಅತಿ ಹೆಚ್ಚು ನೀರು ಬೇಡುವ ಬೆಳೆಗೆ ಹೋದದ್ದರ ಹೊಣೆಯನ್ನು ಮುಂಬಯಿಯ ಮೇಲೆ ಹೊರಿಸಲಾಗದು. ಬರದ ಕಾರಣಗಳು ಹಲವು. ಅವುಗಳಲ್ಲಿ ನಮ್ಮ ಪಾಲಿನದು ಎಷ್ಟು ಎಂಬುದೇ ಇಲ್ಲಿ ನನ್ನ ಪ್ರಶ್ನೆ.

ಮುಂಬಯಿ ತನ್ನ ಪಾಲನ್ನು ಒಪ್ಪಿಕೊಂಡ ಕಾಲವೂ ಇತ್ತು. 1972ರ ಭೀಕರ ಬರದಲ್ಲಿ, 1973ರ ಬೇಸಿಗೆಯ ಹೊತ್ತಿಗೆ, ಮಹಾರಾಷ್ಟ್ರದ ಬರ ಪರಿಹಾರ ಕಾಮಗಾರಿಗಳಲ್ಲಿ ಸುಮಾರು 50 ಲಕ್ಷ ಜನ ಕಲ್ಲು ಒಡೆಯುತ್ತ, ಮಣ್ಣು ಹೊರುತ್ತ ಇದ್ದರು. ಆ ಅನುಭವದಿಂದ ಉದ್ಯೋಗ ಖಾತರಿ ಯೋಜನೆ ಬೆಳೆಯಿತು, ವಿ. ಎಸ್. ಪಾಗೆಯವರು ಅದರ ಮುಖ್ಯ ಪ್ರವರ್ತಕರು. 1977ರಲ್ಲಿ ಅದಕ್ಕೆ ಶಾಸನದ ರೂಪ ಬಂತು, 1979ರ ಜನವರಿ 26ರಿಂದ ಜಾರಿಯಾಯಿತು. ಅದಕ್ಕೆ ಹಣ ಎಲ್ಲಿಂದ? 1975ರಲ್ಲಿ ಪಗಾರದಾರರ ಮೇಲೆ ವೃತ್ತಿ ತೆರಿಗೆ ಹಾಕಲಾಯಿತು. ಇಂದಿಗೂ ನಮ್ಮ ಪಗಾರದ ಚೀಟಿಯಲ್ಲಿ ತಿಂಗಳಿಗೆ ಇನ್ನೂರು ರೂಪಾಯಿ, ಫೆಬ್ರವರಿಯಲ್ಲಿ ಮುನ್ನೂರು ಎಂದು ಕಳೆಯುವ ಆ ತೆರಿಗೆಯ ಮೂಲ ಉದ್ದೇಶ ಬರದ ನಾಡಿನ ಕೂಲಿಕಾರನಿಗೆ ಅವನ ಊರಲ್ಲೇ ಕೆಲಸ ಕೊಡುವುದು. 2005ರಲ್ಲಿ ಇಡೀ ದೇಶಕ್ಕೆ ಬಂದ ಉದ್ಯೋಗ ಖಾತರಿ ಕಾಯ್ದೆಗೆ ಇದೇ ಮಾದರಿ. ಬ್ಯಾಂಕಿನಲ್ಲಿ ದುಡಿಯುತ್ತಿದ್ದಾಗ ನಾನು ಇಪ್ಪತ್ತೈದು ವರ್ಷ ಈ ತೆರಿಗೆ ಕಟ್ಟಿದೆ, ಏಕೆಂದು ಒಮ್ಮೆಯೂ ಕೇಳಲಿಲ್ಲ. ನಗರಕ್ಕೂ ಬರಕ್ಕೂ ಕಾನೂನಿನ ಸಂಬಂಧವೊಂದು ಇತ್ತು. ನಾವು ಅದನ್ನು ಬರಿಯ ಕಡಿತವೆಂದು ತಿಳಿದೆವು.

ಆಮೇಲಿನ ಕಾಲದಲ್ಲಿ ನಗರ ತೋರಿಸಿದ್ದು ಹೆಚ್ಚಾಗಿ ಸಂಕೇತಗಳನ್ನು. 2016ರ ಏಪ್ರಿಲಿನಲ್ಲಿ ಮೀರಜಿನಿಂದ ಲಾತೂರಿಗೆ ರೈಲಿನಲ್ಲಿ ಕೃಷ್ಣೆಯ ನೀರು ಹೋಯಿತು. ಅದೇ ತಿಂಗಳು ಮುಂಬಯಿ ಉಚ್ಚ ನ್ಯಾಯಾಲಯ ಐಪಿಎಲ್ ಪಂದ್ಯಗಳನ್ನು ಮಹಾರಾಷ್ಟ್ರದ ಹೊರಗೆ ಒಯ್ಯುವಂತೆ ಆದೇಶಿಸಿತು. ಕ್ರೀಡಾಂಗಣದ ಹುಲ್ಲಿಗೆ ನೀರು ಹಾಕುವುದು ಸಲ್ಲದೆಂದು ನ್ಯಾಯಾಲಯ ಹೇಳಿದ್ದು ಸರಿಯೇ. ಆದರೆ ಆ ಬೇಸಿಗೆಯ ಬಳಿಕ ನಗರಕ್ಕೂ ಬರದ ನಾಡಿಗೂ ನಡುವೆ ಯಾವ ಶಾಶ್ವತ ಕರಾರೂ ಹುಟ್ಟಲಿಲ್ಲ.

ಗಡಿಯ ಕಥೆಯೂ ಹೀಗೆಯೇ. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವಭಾಗ ಕನ್ನಡ ಮಾತಾಡುವ ನಾಡು, ಮಳೆ ನೆರಳಿನ ನಾಡು. ನೀರು ಕೊಡಿ, ಇಲ್ಲವೇ ಕರ್ನಾಟಕಕ್ಕೆ ಸೇರುತ್ತೇವೆ ಎಂದು 2012ರಲ್ಲಿ ಅಲ್ಲಿಯ ಸುಮಾರು 40 ಗ್ರಾಮಗಳು ಠರಾವು ಮಾಡಿದವು. ಹತ್ತು ವರ್ಷ ಅದು ಕಡತದಲ್ಲಿ ಮಲಗಿತ್ತು. 2022ರ ನವೆಂಬರಿನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಆ ಗ್ರಾಮಗಳ ಪ್ರಸ್ತಾಪ ಎತ್ತಿದೊಡನೆ ಎರಡೂ ಕಡೆ ಬಸ್ಸುಗಳಿಗೆ ಮಸಿ ಬಳಿಯಲಾಯಿತು, ಸಚಿವರ ಪ್ರವಾಸಗಳು ನಿಂತವು. ಮಹಾರಾಷ್ಟ್ರ ಸರ್ಕಾರ ಮ್ಹೈಸಾಳ ಏತ ನೀರಾವರಿಯ ವಿಸ್ತರಣೆಗೆ ಅವಸರದಿಂದ ಮುಂದಾಯಿತು. ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ಜತ್ತದ ತಿಕ್ಕುಂಡಿಯ ಕೆರೆಗೆ ಹರಿಯಿತು. ಹತ್ತು ವರ್ಷ ಬಾಯಾರಿದರೂ ಬಾರದ ನೀರು ಗಡಿಯ ಮಾತೆತ್ತಿದ ಒಂದು ವಾರದಲ್ಲಿ ಬಂತು. ನೀರಿರಲಿಲ್ಲವೆಂದಲ್ಲ, ಕೊಡುವ ಕಾರಣವಿರಲಿಲ್ಲ ಎಂಬುದು ಇದರಿಂದ ಸ್ಪಷ್ಟ.

ಇದೇ ಹೊತ್ತಿಗೆ ಇನ್ನೊಂದು ದಿಕ್ಕಿನಲ್ಲಿ, ಪ್ರತಿ ಬಿರುಬೇಸಿಗೆಯಲ್ಲಿ, ಕೊಯ್ನಾದಿಂದ ಕೃಷ್ಣೆಗೆ, ಉಜ್ಜನಿಯಿಂದ ಭೀಮೆಗೆ ನೀರು ಬಿಡಿ ಎಂದು ಕರ್ನಾಟಕ ಮಹಾರಾಷ್ಟ್ರಕ್ಕೆ ಪತ್ರ ಬರೆಯುತ್ತದೆ. 2024ರ ಬೇಸಿಗೆಯಲ್ಲಿ ಅಫಜಲಪುರದ ಜನ ಉಜ್ಜನಿಯ ನೀರಿಗಾಗಿ ಧರಣಿ ಕುಳಿತಿದ್ದರು. ಕೊಯ್ನಾದ ನೀರಿಗೆ ಪ್ರತಿಯಾಗಿ ಜತ್ತಕ್ಕೆ ನೀರು ಕೊಡುವ ವಿನಿಮಯದ ಮಾತು 2019ರಲ್ಲೇ ಎರಡು ಸರ್ಕಾರಗಳ ನಡುವೆ ನಡೆದಿತ್ತು. ಇದಕ್ಕಿಂತ ಸರಳ ನ್ಯಾಯ ಇನ್ನೊಂದಿಲ್ಲ: ಒಬ್ಬರ ಬಳಿ ಮೇಲಿನ ನೀರಿದೆ, ಇನ್ನೊಬ್ಬರ ಬಳಿ ಹತ್ತಿರದ ಕಾಲುವೆಯಿದೆ. ಆದರೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವ ಗಡಿ ದಾವೆಯ ನೆರಳು ಈ ಮಾತಿನ ಮೇಲೆ ಬೀಳುತ್ತದೆ. ನೀರು ಕೊಟ್ಟರೆ ಹಕ್ಕು ಬಿಟ್ಟಂತೆ, ಪಡೆದರೆ ಸೋತಂತೆ ಎಂಬ ಅಂಜಿಕೆ ಎರಡೂ ಕಡೆಗಿದೆ.

ಮುಂದಿನ ವರ್ಷಗಳ ಸೂಚನೆಯೇನು? ಹವಾಮಾನ ಇಲಾಖೆ ಏಪ್ರಿಲಿನಲ್ಲಿ ಒಮ್ಮೆ, ಮೇ ಕೊನೆಗೆ ಇನ್ನೊಮ್ಮೆ ಮುಂಗಾರಿನ ಮುನ್ಸೂಚನೆ ಕೊಡುತ್ತದೆ. ದೇಶದ ಸರಾಸರಿ 87 ಸೆಂಟಿಮೀಟರು, ಅದರ ಶೇ. 96ರಿಂದ 104ರೊಳಗೆ ಬಿದ್ದರೆ ಸಾಮಾನ್ಯ ಮಳೆ. ಈ ಸರಾಸರಿಯೊಳಗೆ ಚಿರಾಪುಂಜಿಯೂ ಇದೆ, ಜತ್ತವೂ ಇದೆ. ದೇಶಕ್ಕೆ ಸಾಮಾನ್ಯವಾದ ಮಳೆ ಒಂದು ತಾಲೂಕಿಗೆ ಬರವಾಗಬಹುದು. ಶಾಂತಸಾಗರದ ನೀರು ಬಿಸಿಯೇರುವ ಎಲ್ ನಿನೋ ವರ್ಷಗಳಲ್ಲಿ ಮುಂಗಾರು ಕೈಕೊಡುವ ಸಂಭವ ಹೆಚ್ಚು. 1972, 2002, 2009, 2015, 2023 ಇದಕ್ಕೆ ನಿದರ್ಶನಗಳು. 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು. ಪರಿಹಾರದ ಹಣಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು. 2024ರ ಏಪ್ರಿಲ್ ಕೊನೆಗೆ, ಬೆಳೆ ಒಣಗಿ ಎಂಟು ತಿಂಗಳಾದ ಮೇಲೆ, ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆಯಾಯಿತು. ಬರಗಾಲದಲ್ಲಿ ಅಧಿಕಮಾಸವೆಂಬ ಗಾದೆಯಂತೆ, ಬರದ ಮೇಲೆ ಈ ಕಾಯುವಿಕೆ. ಎಲ್ ನಿನೋ ಮತ್ತೆ ಬರುತ್ತದೆ. ಯಾವ ವರ್ಷ ಎಂಬುದಷ್ಟೇ ತಿಳಿಯದು. ಹೀಗಿರುವಾಗ ಬರದ ವರ್ಷದ ನೀರನ್ನು ಹಂಚುವ ನಿಯಮವನ್ನು ಬರ ಬಂದ ಮೇಲೆ ಚರ್ಚಿಸುವುದು ಬುದ್ಧಿವಂತಿಕೆಯಲ್ಲ.

ಇದರಲ್ಲಿ ಮುಂಬಯಿ ಕನ್ನಡಿಗರ ಪಾತ್ರವೇನು ಎಂದು ಕೆಲವರು ಕೇಳಬಹುದು. ನಮ್ಮ ಸಂಘಸಂಸ್ಥೆಗಳು ಬರ ಬಂದಾಗ ನಿಧಿ ಕೂಡಿಸಿವೆ, ಸಭೆ ನಡೆಸಿವೆ. ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ನಾವು ಬರವನ್ನು ಯಾವಾಗಲೂ ಜನ್ಮಭೂಮಿಯ ಕಷ್ಟವೆಂದು ಕಂಡೆವೇ ಹೊರತು ಕರ್ಮಭೂಮಿಯ ಪ್ರಶ್ನೆಯೆಂದು ಕಾಣಲಿಲ್ಲ. ಅದಕ್ಕೆ ಒಂದು ಕಾರಣವನ್ನು ಸಂಕೋಚದಿಂದಲೇ ಹೇಳುತ್ತೇನೆ. ಇಲ್ಲಿಯ ಸಂಘಗಳ ವೇದಿಕೆಯಲ್ಲಿ, ಬರವಣಿಗೆಯಲ್ಲಿ ಕರಾವಳಿಯವರದು ದೊಡ್ಡ ದನಿ. ಮಳೆ ಸಾಕಪ್ಪಾ ಎನ್ನುವ ನಾಡಿನಿಂದ ಬಂದವರು ನಾವು. ನಾಕಾದಲ್ಲಿ ನಿಂತವರು, ಕಟ್ಟಡಗಳ ಪಕ್ಕದ ತಗಡಿನ ಶೆಡ್ಡಿನಲ್ಲಿ ಇರುವವರು, ಅಂಥವರು ನಮ್ಮ ಸಭೆಗಳಿಗೆ ಬರುವುದಿಲ್ಲ. ನಾವು ಕರೆಯುವುದೂ ಇಲ್ಲ. ಆದರೆ ಮುಂಬಯಿಯಲ್ಲಿ ಉಳಿದಿರುವ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಬೆಂಚಿನ ಮೇಲೆ ಕುಳಿತ ಮಕ್ಕಳಲ್ಲಿ ಬಹುಪಾಲು ಉತ್ತರ ಕರ್ನಾಟಕದ ಈ ಶ್ರಮಿಕರ ಮಕ್ಕಳೇ. ನಮ್ಮ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದರು. ಇಲ್ಲಿಯ ಕನ್ನಡ ಶಾಲೆ ಉಳಿದಿರುವುದು ಗುಳೆ ಬಂದವರಿಂದ. ಅವರಿಗಾದರೋ ನೀರಿನಲ್ಲಿಯೂ ಕಡಿಮೆ ಪಾಲು: ಕಟ್ಟಡದಲ್ಲಿರುವವನಿಗೆ ದಿನಕ್ಕೆ 135 ಲೀಟರು, ಝೋಪಡಪಟ್ಟಿಯವನಿಗೆ 45 ಎಂಬುದು ಬಹುಕಾಲ ನಡೆದುಬಂದ ಮಾನದಂಡ.

ಆದುದರಿಂದ ಮೂರು ವಿಷಯಗಳಲ್ಲಿ ನಾವು ದನಿಯೆತ್ತಬೇಕೆಂಬುದು ನನ್ನ ಅಭಿಪ್ರಾಯ. ಒಂದು, ಮುಂಬಯಿಯ ಜಲಾಶಯಗಳ ಸುತ್ತಲ ಹಳ್ಳಿಗಳಿಗೆ ಕುಡಿಯುವ ನೀರು ಮೊದಲು, ನಗರಕ್ಕೆ ಆಮೇಲೆ. ಸೋರಿಕೆಯಲ್ಲಿ ಹೋಗುವುದರ ಒಂದು ಸಣ್ಣ ಪಾಲು ಅದಕ್ಕೆ ಸಾಕು. ಎರಡು, ಬರವೆಂದು ಘೋಷಿತವಾದ ವರ್ಷಗಳಲ್ಲಿ ಸಹ್ಯಾದ್ರಿಯ ವಿದ್ಯುತ್ ಜಲಾಶಯಗಳಿಂದ ಒಂದು ನಿಶ್ಚಿತ ಪಾಲು ಪೂರ್ವಕ್ಕೆ ಹರಿಯಬೇಕು, ಅದು ಕುಡಿಯುವುದಕ್ಕೇ ಮೀಸಲಾಗಬೇಕು. ಟಾಟಾ ಜಲವಿದ್ಯುತ್ ಕೇಂದ್ರಗಳ ಸಾಮರ್ಥ್ಯ 447 ಮೆಗಾವಾಟ್. ಮುಂಬಯಿಯ ಇಂದಿನ ಗರಿಷ್ಠ ಬೇಡಿಕೆ ಮೂರೂವರೆ ಸಾವಿರ ಮೆಗಾವಾಟನ್ನು ಮೀರಿದೆ. ಸಂಜೆಯ ಒತ್ತಡದ ಹೊತ್ತಿಗೆ, ಜಾಲ ಕುಸಿದಾಗ ನಗರವನ್ನು ಎತ್ತುವುದಕ್ಕೆ ಆ ವಿದ್ಯುತ್ತು ಬೇಕು ಎಂಬ ವಾದದಲ್ಲಿ ಸತ್ಯವಿದೆ; ಉಲ್ಹಾಸದ ದಂಡೆಯ ಊರುಗಳಿಗೆ ಕುಡಿಯುವ ನೀರೂ ಬೇಕು, ನಾನೂ ಅವರಲ್ಲೊಬ್ಬ. ಆದುದರಿಂದ ಪೂರ್ತಿಯನ್ನು ಕೇಳುತ್ತಿಲ್ಲ; ಬರದ ವರ್ಷದ ಒಂದು ಪಾಲನ್ನು ಕೇಳುತ್ತಿದ್ದೇನೆ. ಅದರಿಂದ ಬಿಲ್ಲು ಸ್ವಲ್ಪ ಏರಿದರೆ ಏರಲಿ. ವೃತ್ತಿ ತೆರಿಗೆ ಕಟ್ಟಿದ ನಗರಕ್ಕೆ ಇದು ಹೊಸ ಮಾತಲ್ಲ. ಮೂರು, ಜತ್ತ ಮತ್ತು ಕೊಯ್ನಾದ ವಿನಿಮಯ ಬೇಸಿಗೆಯ ಕೃಪೆಯಾಗಿ ಉಳಿಯದೆ ಲಿಖಿತ ಒಪ್ಪಂದವಾಗಬೇಕು. ಗಡಿ ದಾವೆಯ ತೀರ್ಪಿಗೂ ಅದಕ್ಕೂ ಸಂಬಂಧವಿಲ್ಲವೆಂದು ಅದರಲ್ಲೇ ಬರೆಯಬೇಕು. ಎರಡು ಭಾಷೆಗಳ ನಡುವೆ ಬದುಕುವ, ಎರಡೂ ಕಡೆಯ ಪತ್ರಿಕೆ ಓದುವ ನಾವು ಈ ಮಾತನ್ನು ಮರಾಠಿಯಲ್ಲಿಯೂ ಹೇಳಬಲ್ಲೆವು. ಬೆಂಗಳೂರಿನಲ್ಲಿ ಕುಳಿತವರು ಹೇಳಿದರೆ ಅದು ಅನ್ಯರಾಜ್ಯದ ಬೇಡಿಕೆ. ಮುಂಬಯಿಯ ಮತದಾರರು ಹೇಳಿದರೆ ಮನೆಯ ಮಾತು.

ಆ ಇಂಡಿಯವನು ಎರಡು ದಿನ ನಮ್ಮ ಮನೆಯಲ್ಲಿ ಕೆಲಸ ಮಾಡಿದ. ಗಾರೆ ಕಲಸಿದ ಮೇಲೆ ಪುಟ್ಟಿಯನ್ನು ಅರ್ಧ ತಂಬಿಗೆ ನೀರಿನಲ್ಲಿ ತೊಳೆದು, ಆ ನೀರನ್ನೇ ಮತ್ತೆ ಗಾರೆಗೆ ಸುರಿದ. ನಲ್ಲಿ ತಿರುಗಿಸಿ ತೊಳೆಯಪ್ಪ, ಈಗ ನೀರಿದೆ ಎಂದೆ. "ಇರಲ್ರಿ, ರೂಢಿ ಆಗೇತಿ" ಎಂದ. ಎಣ್ಣೆರೊಟ್ಟಿ ಬುತ್ತಿ ಬಿಚ್ಚಿ ಉಂಡ ಮೇಲೆ ಒಂದು ತಂಬಿಗೆ ನೀರು ಕೇಳಿ ಕುಡಿದ. ಉಲ್ಹಾಸದ ನೀರು ಅದು. ಎಲ್ಲಿಂದ ಬಂದದ್ದೆಂದು ಅವನಿಗೆ ಹೇಳಬೇಕೆನಿಸಿತು. ಹೇಳಲು ಬಾಯಿ ಬರಲಿಲ್ಲ. ಅಂದು ಅವನಿಗೆ ಹೇಳಲಾರದ್ದನ್ನು ಇಂದು ನಿಮ್ಮೆದುರು ಹೇಳಿದ್ದೇನೆ. ಮುಂದಿನ ಮಳೆಯ ಪ್ರಬಂಧ ಬರೆಯುವ ಮೊದಲು ಈ ಲೆಕ್ಕ ನಮ್ಮ ಸಭೆಯಲ್ಲಿ ಒಮ್ಮೆ ಚರ್ಚೆಯಾಗಲಿ, ಸಾಧ್ಯವಾದರೆ ಆ ಸಭೆಗೆ ನಾಕಾದಿಂದಲೂ ನಾಲ್ವರು ಬರಲಿ ಎಂಬುದು ನನ್ನ ಬಿನ್ನಹ.